ನೀರಿನ ಮೇಲೆ ನಿಲ್ಲಿಸಿದವಳು

ನೀರಿನ ಮೇಲೆ ನಿಂತು ಹುಟ್ಟು ಹಾಕುವ ಹನ್ನೊಂದು ಅಡಿಯ ಬೋರ್ಡನ್ನು ಭಾನುಮತಿ ಕಂಕುಳಲ್ಲಿ ಹಿಡಿದದ್ದನ್ನು ನಾನು ನೋಡಿಲ್ಲ. ಹಳೆಯ ಟವೆಲನ್ನು ಸಿಂಬೆ ಸುತ್ತಿ ನೆತ್ತಿಯ ಮೇಲಿಟ್ಟು, ಅದರ ಮೇಲೆ ಬೋರ್ಡು ಹೊತ್ತು, ಒಂದು ಕೈ ಆನಿಸಿಕೊಂಡು ಋಷಿಕೊಂಡದ ಕಡಲತೀರದ ಮರಳಿನ ಮೇಲೆ ನಡೆದು ಬರುತ್ತಿದ್ದಳು. ಅವಳ ತಾಯಿ ಭೀಮಿಲಿಯ ಕಡೆಯವರು, ಮೀನಿನ ಬುಟ್ಟಿ ಹೊತ್ತು ಮಾರಿದವರು. ಮಗಳ ನಡಿಗೆ ಅಲ್ಲಿಂದ ಬಂದದ್ದು. ಅವಳಿಗೆ ಕೆಲಸ ಕೊಟ್ಟಿದ್ದ ಜಲಕ್ರೀಡೆಯ ಕೇಂದ್ರದ ಮಾಲೀಕ, ಟೂರಿಸ್ಟುಗಳ ಎದುರು ಹೀಗೆ ಹೊರಬೇಡ, ಚೆನ್ನಾಗಿ ಕಾಣುವುದಿಲ್ಲ ಎಂದನಂತೆ. "ಬೋರ್ಡಿಗೇ ನಾಚಿಕೆ ಇಲ್ಲ ಸಾರ್, ನಿಮಗ್ಯಾಕೆ?" ಎಂದು ಕೇಳಿದಳಂತೆ ಇವಳು.

ಅವಳ ತಂದೆ ಬಳ್ಳಾರಿಯವರು, ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದರು. ನಾನು ಆ ಕಾರ್ಖಾನೆಯ ಟೌನ್‌ಶಿಪ್ಪಿನ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸಾಗಿದ್ದೆ. ಕೊನೆಯ ಒಂಬತ್ತು ವರ್ಷ ಆಪರೇಷನ್ ಥಿಯೇಟರಿನ ಉಸ್ತುವಾರಿ ನನ್ನದಾಗಿತ್ತು. ಅವಳ ತಂದೆ ಬಿ.ಪಿ. ನೋಡಿಸಿಕೊಳ್ಳಲು ಬರುವಾಗ ಮಗಳನ್ನೂ ಕರೆತರುತ್ತಿದ್ದರು, ಕನ್ನಡ ಆಡುವವರು ಸಿಕ್ಕಿದರಲ್ಲ ಎಂದು ಇನ್ನೊಂದು ಗಳಿಗೆ ಕೂರುತ್ತಿದ್ದರು. ಅವರು ತೀರಿಕೊಂಡ ಮೇಲೆ ಭಾನುಮತಿಯ ಕನ್ನಡಕ್ಕೆ ಮನೆಯಲ್ಲಿ ಕೆಲಸವಿರಲಿಲ್ಲ. ನಿವೃತ್ತಿಯಾಗಿ ನಾವು ಕಡಲ ಹತ್ತಿರದ ಫ್ಲ್ಯಾಟಿಗೆ ಬಂದದ್ದು ಹೇಗೋ ತಿಳಿದು, ಒಂದು ಬೆಳಿಗ್ಗೆ ಬಾಗಿಲು ತಟ್ಟಿದಳು. ಆಗ ಅವಳಿಗೆ ನಲವತ್ತೊಂದು, ನನಗೆ ಅರವತ್ತನಾಲ್ಕು.

"ಸಿಸ್ಟರಮ್ಮಾ, ನಂಗೆ ಎದೆ ಒತ್ತೋದು ಕಲಿಸ್ರೀ."

ನೀರಿನಿಂದ ಎತ್ತಿದವರ ಎದೆ ಒತ್ತಿ ಉಸಿರು ಕೊಡುವುದನ್ನು ಕೇಳುತ್ತಿದ್ದಳು. ಹನ್ನೆರಡು ವರ್ಷ ಆ ಕೇಂದ್ರದಲ್ಲಿ ಬೋರ್ಡು ಹೊತ್ತು, ಟೂರಿಸ್ಟುಗಳಿಗೆ ಲೈಫ್ ಜಾಕೆಟ್ ಕಟ್ಟಿ, ಬಿದ್ದವರನ್ನು ಎತ್ತಿದ್ದಳು. ಆದರೆ ನಿಂತು ಹುಟ್ಟು ಹಾಕುವುದನ್ನು ಕಲಿಸಲು ಸರ್ಟಿಫಿಕೇಟು ಬೇಕು. ಅದಿಲ್ಲದೆ ಅವಳು ಕೊನೆಯವರೆಗೂ ಹೆಲ್ಪರ್. ನಿನ್ನೆ ಮೊನ್ನೆ ಬಂದ ಹುಡುಗರು ಸರ್ಟಿಫಿಕೇಟು ಹಿಡಿದು ಇವಳಿಗೇ "ಆ ಬೋರ್ಡು ತಾ" ಎನ್ನುತ್ತಿದ್ದರು. ಪರೀಕ್ಷೆ ವಿಜಯವಾಡದಲ್ಲಿ, ಕೃಷ್ಣಾ ನದಿಯಲ್ಲಿ. ಈಜು, ರಕ್ಷಣೆ, ಪ್ರಥಮ ಚಿಕಿತ್ಸೆ, ಕೊನೆಗೆ ಪಾಠ ಹೇಳಿ ತೋರಿಸುವುದು.

ನಾನು ದಿಂಬಿನ ಮೇಲೆ ಕಲಿಸಿದೆ. ಬೆಳಿಗ್ಗೆ ಐದೂವರೆಗೆ ಬಾ ಎಂದರೆ ಐದೂ ಇಪ್ಪತ್ತೈದಕ್ಕೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅವಳು ನನಗೆ ಮೆಚ್ಚಾದದ್ದು ಅದರಿಂದಲೇ. ಮೂವತ್ತು ಸಲ ಒತ್ತಬೇಕು, ಎರಡು ಸಲ ಉಸಿರು ಊದಬೇಕು. ಇಪ್ಪತ್ತರ ತನಕ ಕನ್ನಡದಲ್ಲಿ ಎಣಿಸಿ ಆಮೇಲೆ ತೆಲುಗಿಗೆ ಹಾರುತ್ತಿದ್ದಳು. ಯಾಕೆಂದು ಕೇಳಿದರೆ, ಅಪ್ಪನನ್ನು ತೆಲುಗಿನಲ್ಲೇ ಕರೆದು, "ನಾನ್ನ ಇಪ್ಪತ್ತರ ಮಟ್ಟಾನೇ ಕಲಿಸಿದ್ದು, ಆಮೇಲೆ ಶಿಫ್ಟಿಗೆ ಹೋಗಿಬಿಟ್ರು" ಎಂದಳು.

ಒಂದು ವಾರವಾದ ಮೇಲೆ ಇನ್ನೊಂದು ಬೇಡಿಕೆ ಬಂತು. ಪಾಠ ಹೇಳಿ ಅಭ್ಯಾಸ ಮಾಡಿಕೊಳ್ಳಲು ಒಬ್ಬರು ಬೇಕು. ಟೂರಿಸ್ಟುಗಳು ಫೋಟೋ ತೆಗೆಸಿಕೊಂಡು ಓಡುತ್ತಾರೆ. ನಮ್ಮವರು ಪೇಪರಿನ ಹಿಂದಿನಿಂದಲೇ ಹೇಳಿದರು: "ಇವಳನ್ನ ಕರ್ಕೊಂಡ್ ಹೋಗಮ್ಮ. ಜನ್ಮದಲ್ಲಿ ಒಂದ್ ಸಲವಾದ್ರೂ ಬೇರೆಯವರ ಮಾತು ಕೇಳಲಿ."

ಹೋದೆ. ಮೊದಲ ದಿನ ಒಂಬತ್ತು ಸಲ ಬಿದ್ದೆ. ಮಂಡಿಯೂರಿ ಏಳುವಾಗ ನನ್ನ ಕಣ್ಣು ಪಾದಗಳ ಮೇಲೆಯೇ ಇರುತ್ತಿತ್ತು. ಥಿಯೇಟರಿನಲ್ಲಿ ದುಡಿದವಳಿಗೆ ಕೈಕೆಳಗಿನದನ್ನು ನೋಡದೆ ಇರಲು ಬರುವುದಿಲ್ಲ. ಕುತ್ತಿಗೆಯುದ್ದದ ನೀರಿನಲ್ಲಿ ನಿಂತು ಭಾನುಮತಿ ಗದರುತ್ತಿದ್ದಳು.

"ಕಾಲು ಎಲ್ಲಿಗೂ ಹೋಗಲ್ರೀ ಸಿಸ್ಟರಮ್ಮಾ, ಅಲ್ಲೇ ಅದಾವೆ. ಹಡಗು ನೋಡ್ರಿ, ಹಡಗು."

ಬಂದರಿಗೆ ಸರದಿ ಕಾದು ನಿಂತ ಹಡಗುಗಳು ದೂರದಲ್ಲಿ ಕಾಣುತ್ತಿದ್ದವು. ಅವುಗಳಲ್ಲಿ ಕೆಂಪು ಹೊಟ್ಟೆಯದೊಂದನ್ನು ಕಣ್ಣಲ್ಲೇ ಹಿಡಿದುಕೊಂಡು ಆರನೆಯ ಬೆಳಿಗ್ಗೆ ನಿಂತೆ. ಕಾಲ ಕೆಳಗೆ ಕಡಲು ಉಸಿರಾಡುವುದು ಅಂಗಾಲಿಗೆ ತಿಳಿಯಿತು. ಆಯುಷ್ಯದುದ್ದಕ್ಕೂ ಗಟ್ಟಿ ನೆಲದ ಮೇಲೆ ಓಡಾಡಿದವಳು ನಾನು. ಅವಳು ಹೊಗಳಲಿಲ್ಲ. "ಸರೇ, ಈಗ ಹುಟ್ಟು ಹಾಕ್ರಿ, ನಿಂತು ಪೂಜೆ ಮಾಡೋಕೆ ಬಂದಿಲ್ಲ" ಎಂದಳು.

ಪರೀಕ್ಷೆಗೆ ಹೊರಡುವ ದಿನ ನಾನು ಪಟ್ಟಿ ಬರೆದೆ. ಥಿಯೇಟರಿನ ಅಭ್ಯಾಸ. ಪಟ್ಟಿಯಲ್ಲಿ ಇರುವುದೆಲ್ಲ ಟ್ರೇಯಲ್ಲಿರಬೇಕು, ಪಟ್ಟಿಯಲ್ಲಿ ಇಲ್ಲದ್ದು ಟ್ರೇಯಲ್ಲಿರಬಾರದು. ನಮ್ಮ ಮನೆಯಲ್ಲೇ ಅವಳು ಚೀಲ ತುಂಬಿದಳು. ಅವಳು ಕೈಕಾಲು ತೊಳೆಯಲು ಹೋದಾಗ ನಾನು ಇನ್ನೊಮ್ಮೆ ಎಣಿಸಿದೆ. ಒಂದು ಹೆಚ್ಚಿತ್ತು: ಬಕಲ್ ಇರುವ ಅಗಲವಾದ ಬೆಲ್ಟು. ಬೋರ್ಡಿಗೂ ಕಾಲಿಗೂ ಕಟ್ಟುವ ಹಗ್ಗ ಆಗಲೇ ಚೀಲದಲ್ಲಿತ್ತು, ಆರು ತಿಂಗಳಿಂದ ಕಡಲಿನಲ್ಲಿ ನಾವು ಕಟ್ಟಿಕೊಂಡದ್ದು ಅದನ್ನೇ. ಇದು ಯಾವುದೋ ಲಗೇಜಿಗೆ ಕಟ್ಟುವ ಬೆಲ್ಟು ಎಂದು ತೆಗೆದು ಬೀರುವಿನಲ್ಲಿಟ್ಟೆ. ಅವಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ದುವ್ವಾಡದಲ್ಲಿ ರೈಲು ಹತ್ತಿದೆವು. ಮೂರು ದಿನ ಎಲ್ಲವೂ ಚೆನ್ನಾಗಿ ನಡೆಯಿತು. ಎದೆ ಒತ್ತುವ ಪರೀಕ್ಷೆಯಲ್ಲಿ ಅವಳಿಗೇ ಮೊದಲ ಸ್ಥಾನ. ನಾಲ್ಕನೆಯ ಬೆಳಿಗ್ಗೆ ನದಿಗೆ ಹೊಸ ನೀರು ಬಂದು ಸೆಳೆತವಿತ್ತು. ಅವಳ ಹೆಸರು ಕೂಗಿದರು. ಚೀಲಕ್ಕೆ ಕೈ ಹಾಕಿ ತಡಕಿದಳು, ಇನ್ನೊಮ್ಮೆ ತಡಕಿದಳು, ತಲೆಯೆತ್ತಿ ನನ್ನನ್ನು ನೋಡಿದಳು. ಎಲ್ಲರೂ ಕಾಯುತ್ತಿದ್ದರು. ಕಾಲಿನ ಹಗ್ಗವನ್ನೇ ಕಟ್ಟಿಕೊಂಡು ಇಳಿದುಬಿಟ್ಟಳು. ಪರೀಕ್ಷಕರು ಸೀಟಿ ಊದಿ ವಾಪಸು ಕರೆದರು. ಹರಿಯುವ ನೀರಿನಲ್ಲಿ ಹಗ್ಗ ಯಾವುದಾದರೂ ಮರಕ್ಕೋ ಗೂಟಕ್ಕೋ ಸಿಕ್ಕಿಕೊಂಡರೆ ನೀರು ಮೇಲಿಂದ ಅದುಮುತ್ತದೆ, ಕಟ್ಟು ಬಿಚ್ಚಲು ಕೈ ಕಾಲಿನ ತನಕ ಹೋಗುವುದಿಲ್ಲ. ನಾನು ಬೀರುವಿನಲ್ಲಿಟ್ಟಿದ್ದ ಆ ಸೊಂಟದ ಬೆಲ್ಟಿಗೆ ಹಗ್ಗ ಕಟ್ಟಿದ್ದರೆ, ಬಕಲ್ ಒಮ್ಮೆ ಎಳೆದರೆ ಸಾಕು, ಬಿಟ್ಟುಕೊಳ್ಳುತ್ತದೆ. "ಅಮ್ಮಾ, ನದಿಗೆ ಹೀಗೆ ಇಳಿಯುವವರ ಕೈಗೆ ನಾನು ಶಿಷ್ಯರನ್ನು ಹೇಗೆ ಕೊಡಲಿ?" ಎಂದು ಅವರು ತೆಲುಗಿನಲ್ಲಿ ಮೆತ್ತಗೆ ಕೇಳಿದರು. ಅಲ್ಲಿಗೆ ಮುಗಿಯಿತು.

ವಾಪಸಿನ ರೈಲು ಗೋದಾವರಿ ದಾಟಿತು. ಆಮೇಲೆ ಹೇಳಿದೆ. "ಬೆಲ್ಟು ತೆಗೆದಿಟ್ಟದ್ದು ನಾನೇ, ಭಾನು."

"ಗೊತ್ತು. ನಿಮ್ಮನ್ ಬಿಟ್ಟು ನನ್ನ ಚೀಲ ಮುಟ್ಟೋರು ಯಾರದಾರೆ."

"ಪರೀಕ್ಷಕರಿಗೆ ಹೇಳಬಹುದಿತ್ತಲ್ಲ."

"ಏನಂತ? ಸೊಂಟದ್ದು ಇಲ್ಲ, ನಾನು ಇಳಿಯಲ್ಲ ಅಂತ ಹೇಳಬೇಕಿತ್ತು ಸಿಸ್ಟರಮ್ಮಾ. ಅದನ್ನ ಹೇಳಲಿಲ್ಲ. ಕಾಲಿಗೆ ಕಟ್ಟಿದ್ದು ನನ್ ಕೈನೇ ಅಲ್ಲೇನ್ರೀ?" ಕಡಲೆಕಾಯಿಯ ಪೊಟ್ಟಣವನ್ನು ನನ್ನ ಕಡೆ ಚಾಚಿದಳು. "ತಿನ್ರಿ. ಮುಖ ಹಂಗ್ ಮಾಡ್ಕಂಡ್ರೆ ಸಾಮರ್ಲಕೋಟದಲ್ಲೇ ಇಳಿಸಿಬಿಡ್ತೀನಿ."

ತಪ್ಪು ಮಾಡಿದ ಎಷ್ಟೋ ಹುಡುಗಿಯರನ್ನು ನಾನು ವಾರ್ಡಿನ ನಡುವೆ ನಿಲ್ಲಿಸಿ ಬೈದಿದ್ದೆ. ಹೀಗೆ ಕಡಲೆಕಾಯಿ ಕೊಟ್ಟಿರಲಿಲ್ಲ.

ಮುಂದಿನ ಪರೀಕ್ಷೆಗೆ ಐದು ತಿಂಗಳು ಕಾದಳು. ಆ ಸಲ ಚೀಲವನ್ನು ನಾನು ಮುಟ್ಟಲಿಲ್ಲ, ಊರು ಬಿಟ್ಟು ಕದಲಲೂ ಇಲ್ಲ. ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಫೋನು ಬಂತು. "ಆಯ್ತ್ರೀ" ಎಂದಳು.

ಅದೇ ಪರೀಕ್ಷಕರು ಅವಳನ್ನು ವಿಜಯವಾಡದ ತಮ್ಮ ಕೇಂದ್ರಕ್ಕೆ ಕರೆದರು. ಇಲ್ಲಿಯ ಮಾಲೀಕ ಸರ್ಟಿಫಿಕೇಟು ನೋಡಿ "ಒಳ್ಳೆಯದಾಯಿತು" ಎಂದು ಹೇಳಿ, ಮತ್ತೆ ಲೈಫ್ ಜಾಕೆಟ್ ಕಟ್ಟುವ ಕೆಲಸಕ್ಕೇ ಹಾಕಿದ್ದ. ಹೋಗಲೋ ಬೇಡವೋ ಎಂದು ಅವಳು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ನೀವು ಹ್ಞೂಂ ಅಂದ್ರೆ ಹೋಗ್ತೀನಿ."

"ಹೋಗು" ಎಂದೆ. ಒಲೆಯ ಕಡೆಯಿಂದ ತಿರುಗದೆ ಹೇಳಿದೆ. ತಿರುಗಿದ್ದರೆ ಬೇರೆ ಏನಾದರೂ ಹೇಳುತ್ತಿದ್ದೆನೇನೋ.

ಈಗಲೂ ಐದೂ ಇಪ್ಪತ್ತೈದಕ್ಕೆ ಬಾಗಿಲ ಚಿಲಕ ತೆಗೆಯುತ್ತೇನೆ. ಹೊಸ ಹುಡುಗನೊಬ್ಬ ಬೋರ್ಡು ಬಾಡಿಗೆಗೆ ಕೊಡುತ್ತಾನೆ. ಹೋಗಿ ನಿಂತು ಬರುತ್ತೇನೆ, ಬೀಳುವುದಿಲ್ಲ. ಗದರುವವರಿಲ್ಲದೆ ಅದು ಬರೀ ವ್ಯಾಯಾಮ.

ಹೋದ ಚಳಿಗಾಲದಲ್ಲಿ ಮದುವೆಯೊಂದಕ್ಕೆ ವಿಜಯವಾಡಕ್ಕೆ ಹೋಗಿದ್ದೆ. ವಾಪಸಿನ ರೈಲಿಗೆ ಒಂದೂವರೆ ಗಂಟೆಯಿತ್ತು. ಅವಳಿಗೆ ಹೇಳದೆಯೇ, ಅವಳು ಕಲಿಸುವ ನದಿಯ ಸ್ನಾನಘಟ್ಟಕ್ಕೆ ಹೋದೆ. ನದಿಯ ಮೇಲೆ ಆರು ಮಂದಿ ಶಿಷ್ಯರು ನಡುಗುತ್ತ ನಿಂತಿದ್ದರು. ಅವರ ಮತ್ತು ದಡದ ನಡುವೆ ತನ್ನ ಬೋರ್ಡಿನ ಮೇಲೆ ಭಾನುಮತಿ, ಬೆನ್ನು ನನ್ನ ಕಡೆಗೆ. ಶಿಷ್ಯರೊಬ್ಬರು ಬಿದ್ದರು. ಅವರನ್ನು ಹತ್ತಿಸಿ ತಿರುಗುವಾಗ ಮೆಟ್ಟಿಲ ಮೇಲಿದ್ದ ನನ್ನನ್ನು ಕಂಡಳು. ಕಂಡದ್ದು ನನಗೆ ಸ್ಪಷ್ಟವಾಗಿ ತಿಳಿಯಿತು. ಕೈ ಎತ್ತಲಿಲ್ಲ, ಕೂಗಲಿಲ್ಲ. ಶಿಷ್ಯರು ನೀರಿನ ಮೇಲಿರುವಾಗ ಕಲಿಸುವವರ ಕಣ್ಣು ಬೇರೆ ಕಡೆ ಹೋಗಬಾರದು. ನಾನು ಅವಳ ಗಮನ ಕೆಡಿಸಬಾರದೆಂದು ಒಂದು ಕಂಬದ ಮರೆಗೆ ಸರಿದೆ.

ಅವಳು ಏನೋ ಕೂಗಿ ಹೇಳಿದಳು. ಆರೂ ಬೋರ್ಡುಗಳು ನಿಧಾನವಾಗಿ ದಡದ ಕಡೆಗೆ ಸರಿದವು. ಅವಳು ಸುತ್ತಿ ಬಂದು ಅವರ ಆಚೆ, ನದಿಯ ಕಡೆಗೆ ನಿಂತಳು. ಈಗ ಅವಳ ಮುಖ ಘಟ್ಟದ ಕಡೆಗಿತ್ತು. ಶಿಷ್ಯರನ್ನು ನೋಡಿದರೆ ಅವರ ಹಿಂದೆ ಮೆಟ್ಟಿಲೂ ಕಾಣಬೇಕು.

ನಾನು ಕಂಬದ ಮರೆಯಿಂದ ಹೊರಗೆ ಬಂದೆ. ಬ್ಯಾಗನ್ನು ಕೆಳಗಿಟ್ಟು, ಅವಳಿಗೆ ಪೂರ್ತಿ ಕಾಣುವ ಹಾಗೆ ನೆಟ್ಟಗೆ ನಿಂತೆ. ಇಪ್ಪತ್ತು ನಿಮಿಷ ಹಾಗೆಯೇ ನಿಂತಿದ್ದೆ. ಪಾಠ ಮುಗಿಯುವಷ್ಟರಲ್ಲಿ ನನ್ನ ರೈಲಿನ ಹೊತ್ತಾಗಿತ್ತು.