ನಾಲ್ಕನೆಯ ದಿನ ಬಿಚ್ಚಿದ ಗಂಟು

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ನನ್ನ ತಮ್ಮ ಮಲ್ಲಿನಾಥ ಒಂದು ವಾರ ರಜೆ ಹಾಕಿ ನಮ್ಮೂರು ಕುಂಭಾರಿಗೆ ಬಂದ. ಅವನ ಮನೆ ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ, ಕೆಲಸ ಆಫೀಸಿನಲ್ಲಿ. ನಾನು ಊರಲ್ಲೇ ಇದ್ದು ಹೊಲ ನೋಡುತ್ತೇನೆ. ಕಾರಿನ ಡಿಕ್ಕಿಯಲ್ಲಿ ಎರಡು ಟೆಂಟು ತಂದಿದ್ದ.

"ಅಣ್ಣಾ, ಮಾಮಾನ ಹೊಲದಾಗ ಕೆರಿ ದಂಡಿಗೆ ಏಳು ದಿನ ಇರೂಣು. ಉಣ್ಣೂದು, ಈಸೂದು, ಮಲಗೂದು. ಬ್ಯಾರೆ ಏನೂ ಇಲ್ಲ," ಅಂದ.

"ಹೊಲದಾಗ ಮಲಗಾಕ ರಜಾ ಹಾಕಿ ಬಂದಿಯೇನು? ನಾ ರಜಾ ಇಲ್ಲದ ಮಲಗ್ತೀನಿ," ಅಂದೆ. ಇಬ್ಬರೂ ನಕ್ಕೆವು.

ನಮ್ಮ ಸೋದರಮಾವನ ಹೊಲ ಅಕ್ಕಲಕೋಟೆ ಹತ್ತಿರ, ಕುರನೂರ ಕೆರೆಯ ಹಿನ್ನೀರಿಗೆ ಹತ್ತಿಕೊಂಡಿದೆ. ನಾವಿಬ್ಬರು, ನಮ್ಮ ಹೆಂಡಂದಿರು, ಎಂಟು ವರ್ಷದ ನನ್ನ ಮಗಳು ಗೌರಿ, ಎಲ್ಲರೂ ಹೋದೆವು. ಬೇವಿನ ಮರದ ಕೆಳಗೆ ಟೆಂಟು ಹಾಕಿದೆವು. ಮಲ್ಲಿನಾಥನಿಗೆ ಈಜು ಬರುತ್ತಿರಲಿಲ್ಲ. ಈ ಸಲ ಕಲಿತೇ ಹೋಗುತ್ತೇನೆ ಎಂದು ಹಟ ಹಿಡಿದ.

ನಮ್ಮ ಕಡೆ ಈಜು ಕಲಿಯುವವರ ಬೆನ್ನಿಗೆ ಖಾಲಿ ಪ್ಲಾಸ್ಟಿಕ್ ಕ್ಯಾನು ಕಟ್ಟುತ್ತಾರೆ. ಕಲಿಸುವವನೇ ಕಟ್ಟಬೇಕು, ಅವನೇ ಬಿಚ್ಚಬೇಕು. ಕಲಿಯುವವನು ಗಂಟಿಗೆ ಕೈ ಹಚ್ಚುವಂತಿಲ್ಲ. ಎಂಟು ಹತ್ತು ದಿನ ಕಳೆದು ಕೈಕಾಲು ಹದಕ್ಕೆ ಬಂದ ಮೇಲೆ, ಎದೆಮಟ್ಟದ ನೀರಿನಲ್ಲಿ, ಹೇಳದೆ ಗಂಟು ಬಿಚ್ಚಿಬಿಡುತ್ತಾರೆ. ಕ್ಯಾನು ಇದೆ ಎಂದುಕೊಂಡೇ ಅವನು ಈಜಿಬಿಡುತ್ತಾನೆ. ಕಲಿಸುವವನು ಮಾತ್ರ ಒಂದು ಕೈಯಳತೆಯಲ್ಲೇ ಇರಬೇಕು. ನಾನೂ ಹೀಗೇ ಕಲಿತವನು.

ಮೂರು ದಿನ ಚೆನ್ನಾಗಿ ಹೋದವು. ಮೂರನೆಯ ದಿನ ಸಂಜೆ ಗೌರಿ ತನ್ನ ಮರಾಠಿ ಕತೆ ಪುಸ್ತಕ ತಂದು ಓದು ಎಂದಳು. ನಾನು ಓದಿದ್ದು ಕನ್ನಡ ಸಾಲಿಯಲ್ಲಿ, ನಾಲ್ಕನೇ ಇಯತ್ತೆಯವರೆಗೆ. ಮರಾಠಿ ಒಂದೊಂದೇ ಅಕ್ಷರ ಕೂಡಿಸಿ ಓದುತ್ತೇನೆ. ಎರಡು ಸಾಲು ಮುಗಿದಿರಲಿಲ್ಲ, ಮಲ್ಲಿನಾಥ ಪುಸ್ತಕ ಕಿತ್ತುಕೊಂಡ.

"ತಾ ಇಲ್ಲಿ ಅಣ್ಣಾ. ನೀ ಓದಿ ಮುಗಸೂತನಾ ನನ್ನ ರಜಾ ಮುಗೀತದ."

ಎಲ್ಲರೂ ನಕ್ಕರು. ಗೌರಿ ಎದ್ದು ಕಾಕಾನ ಪಕ್ಕಕ್ಕೆ ಹೋಗಿ ಕುಳಿತಳು. ನಾನೂ ನಕ್ಕೆ. ಅವನ ಓದಿಗಾಗಿ ನಾನು ಸಾಲಿ ಬಿಟ್ಟೆ ಎಂದು ಯಾರ ಮುಂದೆಯೂ ಹೇಳಿದವನಲ್ಲ. ಅವತ್ತು ನನಗೆ ನಾನೇ ಹತ್ತು ಸಲ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಅವನನ್ನು ಎಂದಿನ ಜಾಗಕ್ಕಿಂತ ಮುಂದೆ ಕರೆದುಕೊಂಡು ಹೋದೆ. ಅಲ್ಲಿ ನನಗೂ ನೆಲ ಸಿಗುವುದಿಲ್ಲ.

"ಅಣ್ಣಾ, ಇಲ್ಲಿ ಭಾಳ ಆಳ ಅದನೋ ಏನೋ?"

"ಕ್ಯಾನ್ ಅದ ಅಲಾ? ಹೊಡಿ ಕೈ."

ಅವನು ಮುಖ ಮುಂದೆ ಮಾಡಿ ಕೈ ಬೀಸಿದ. ನಾನು ಹಿಂದಿನಿಂದ ಗಂಟು ಎಳೆದುಬಿಟ್ಟೆ. ಅಷ್ಟೇ ಅಲ್ಲ, ತಿರುಗಿ ದಂಡೆಯ ಕಡೆ ಈಜಿದೆ. ಒಂದು ಸಲ ಇವನಿಗೂ ಬಾರದೆ ಇರುವುದು ಅಂದರೆ ಏನು ಅಂತ ಗೊತ್ತಾಗಲಿ, ಮಗಳೂ ನೋಡಲಿ, ಎಂದು ನನ್ನ ತಲೆಯಲ್ಲಿತ್ತು.

ಎದೆಮಟ್ಟದ ನೀರಿಗೆ ಬಂದು ನಿಂತಾಗ ಹಿಂದೆ ನೀರು ಬಡಿಯುವ ಸದ್ದು ಕೇಳಿತು. ದಂಡೆಯಲ್ಲಿದ್ದ ಗೌರಿ ಕೈತಟ್ಟಿ ನಗುತ್ತಿದ್ದಳು. "ಅಪ್ಪಾ, ಕಾಕಾ ನಾಟಕ ಮಾಡಾಕತ್ತಾನ ನೋಡು."

ನಾನು ನೋಡಲಿಲ್ಲ. ಇನ್ನೂ ಸ್ವಲ್ಪ ಒದ್ದಾಡಲಿ ಎಂದು ನಿಂತೆ. ಎಷ್ಟು ಹೊತ್ತು ಎಂದು ಈಗಲೂ ಲೆಕ್ಕ ಹತ್ತುವುದಿಲ್ಲ. ಆಮೇಲೆ ಸದ್ದು ನಿಂತಿತು. ಗೌರಿಯ ನಗೆಯೂ ನಿಂತಿತು. ತಿರುಗಿದರೆ ಕ್ಯಾನು ಒಂದೇ ತೇಲುತ್ತಿತ್ತು.

ಧುಮುಕಿದೆ. ಮೊದಲ ಸಲ ಕೈಗೆ ಬರಿ ರಾಡಿ ಸಿಕ್ಕಿತು. ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಮುಳುಗಿದೆ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಅವನ ಕೂದಲು ಬೆರಳಿಗೆ ತಗುಲಿತು. ಎಳೆದು ತರುವಾಗ ಅವನ ಮೈ ಹಿಟ್ಟಿನ ಚೀಲದ ಹಾಗೆ ಜೋತುಬಿದ್ದಿತ್ತು. ಹೊಲದಲ್ಲಿದ್ದ ಮಾಮಾ ಓಡಿ ಬಂದು ಅವನನ್ನು ಮಗ್ಗುಲಾಗಿಸಿ ಬೆನ್ನು ಗುದ್ದಿದ. ಮೂಗು ಬಾಯಿಂದ ನೀರು ಹೋಯಿತು. ತುಸು ಹೊತ್ತಿನ ಮೇಲೆ ಕೆಮ್ಮಿದ. ತಮ್ಮನ ಹೆಂಡತಿ ಅವನ ಕಾಲು ಹಿಡಿದು ಕುಳಿತವಳು ನನ್ನನ್ನೇ ನೋಡುತ್ತಿದ್ದಳು.

"ಏನಾತಪಾ, ಗಂಟು ಸಡಲ ಆತೇನು?" ಮಾಮಾ ಕೇಳಿದ.

"ನಾ ಬಿಚ್ಚಿದೆ," ಅಂದೆ.

ಮಾಮಾ ತಮ್ಮನ ಹೆಂಡತಿಗೆ ಸಮಾಧಾನ ಹೇಳಿದ. "ಅಳಬ್ಯಾಡ ತಂಗಿ. ಈಸಾಕ ಹಿಂಗ ಕಲಸ್ತಾರ. ನಮ್ಮಪ್ಪನೂ ನನಗ ಹಿಂಗ ಬಿಚ್ಚಿದ್ದ. ಇಂವ ಜರಾ ಅವಸರ ಮಾಡ್ಯಾನ, ಅಷ್ಟ."

ಮಲ್ಲಿನಾಥ ಕಣ್ಣು ತೆರೆದು, "ಇನ್ನೆರಡು ದಿನ ತಡೀಬೇಕಿತ್ತು ಅಣ್ಣಾ," ಎಂದು ನಕ್ಕ.

ಅಕ್ಕಲಕೋಟೆಯ ಡಾಕ್ಟರು ನೋಡಿ ಒಂದು ದಿನ ಇಟ್ಟುಕೊಂಡು ಕಳಿಸಿದರು. ಅವನು ಊರಿಗೆ ಹೋಗಲು ಒಪ್ಪಲಿಲ್ಲ. ಏಳನೆಯ ದಿನ ಮಾಮಾನ ಹತ್ತಿರ ಕ್ಯಾನು ಕಟ್ಟಿಸಿಕೊಂಡು ಮತ್ತೆ ನೀರಿಗಿಳಿದ. ನಾನು ಟೆಂಟು ಮಡಚುವ ನೆಪ ಹೇಳಿ ಆ ಕಡೆ ಹೋಗಲೇ ಇಲ್ಲ. ಈಗ ಅವನು ಈಜುತ್ತಾನೆ. ಯಾರು ಕೇಳಿದರೂ ಅಣ್ಣ ಕಲಿಸಿದ ಅನ್ನುತ್ತಾನೆ.

ರೂಢಿ ನನ್ನನ್ನು ಕಾಪಾಡಿತು. ಬಿಚ್ಚಿದ್ದು ಎಲ್ಲರಿಗೂ ಗೊತ್ತು, ಸಿಟ್ಟಿನಿಂದ ಬಿಚ್ಚಿದ್ದು ಯಾರಿಗೂ ಗೊತ್ತಿಲ್ಲ. ಮಲ್ಲಿನಾಥ ಕಲಿತದ್ದು ಮರಾಠಿ ಸಾಲಿಯಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಅವನು ಓದಲಾರ ಎಂಬ ಧೈರ್ಯದ ಮೇಲೆಯೇ ಇಷ್ಟು ಬರೆದಿದ್ದೇನೆ. ಇದು ತಪ್ಪೊಪ್ಪಿಗೆ ಅಲ್ಲ ಎಂದು ನನಗೆ ಗೊತ್ತು.

ಮೊನ್ನೆ ಅವನ ಫೋನ್ ಬಂತು. "ಅಣ್ಣಾ, ಈ ಸಲ ಗೌರಿಗೆ ಕಲಸೂಣು. ಗಂಟು ನೀನ ಕಟ್ಟು. ನಿನ್ನ ಕೈ ಮ್ಯಾಲ ನನಗ ಭರೋಸಾ ಅದ."

"ಮೊದಲ ನೀ ಒಬ್ಬನ ಬಾ. ಒಂದು ಮಾತು ಹೇಳೂದದ," ಅಂದೆ.

"ಏನದು? ಫೋನಿನ್ಯಾಗ ಹೇಳು."

"ಬಾ," ಅಂದೆ.

ಬರುವ ಭಾನುವಾರ ಬರುತ್ತಾನೆ. ಕೇಳಿದ ಮೇಲೂ ನನ್ನನ್ನು ಅಣ್ಣಾ ಎಂದು ಕರೆಯುತ್ತಾನೋ ಇಲ್ಲವೋ, ಗೊತ್ತಿಲ್ಲ.