ಎರಡು ಸಲ ಹಾರನ್

ಕಾರನ್ನು ಗುಜರಿಗೆ ಕೊಡೋಣ ಅಂತ ಹೊರಟವಳು, ಭದ್ರಾವತಿ ತಲುಪುತ್ತಿದ್ದ ಹಾಗೇ ಎಡಕ್ಕೆ ತಿರುಗಿಬಿಟ್ಟೆ.

ಗುಜರಿ ಅಂಗಡಿಗೆ ನೇರ ಹೋಗಬೇಕಿತ್ತು. ಎಡಕ್ಕೆ ಹೋದರೆ ಸಿಗುವುದು ಅಕ್ಕನ ಮನೆ. ಅಕ್ಕ ತೀರಿಕೊಂಡು ಎಂಟು ತಿಂಗಳಾಯಿತು.

ತಿರುಗಿದ್ದು ಸಾಲದು ಅಂತ, ಮೂಲೆಯ ಬೇವಿನ ಮರದ ಹತ್ತಿರ ಕೈ ತಾನಾಗಿಯೇ ಎರಡು ಸಲ ಹಾರನ್ ಹೊಡೆದೂ ಬಿಟ್ಟಿತು...

ಆ ಹಾರನ್ನಿನ ವಿಷಯ ಮೊದಲು ಹೇಳಬೇಕು.

ಈ ಕಾರು ಕೊಂಡು ಹದಿನೈದು ವರ್ಷ. ಅಕ್ಕ ಇರುವಷ್ಟು ದಿನವೂ ಭಾನುವಾರ ಬೆಳಿಗ್ಗೆ ಶಿವಮೊಗ್ಗದ ಕೋಟೆ ರಸ್ತೆಯ ನಮ್ಮ ಮನೆಯಿಂದ ಭದ್ರಾವತಿಗೆ ನಾನೊಬ್ಬಳೇ ಓಡಿಸಿಕೊಂಡು ಹೋಗುತ್ತಿದ್ದೆ. ನೆಂಟರು ಕೈಕೊಟ್ಟಿದ್ದಾರೆ, ಈ ಕಾರು ಒಂದು ದಿನವೂ ಕೈಕೊಟ್ಟಿಲ್ಲ.

ಅಕ್ಕನಿಗೆ ಒಂದು ಹಟ, ಅಕ್ಕಿರೊಟ್ಟಿಯನ್ನು ತಣ್ಣಗೆ ಬಡಿಸಬಾರದು. ಅದಕ್ಕೇ ಬೇವಿನ ಮರದ ಹತ್ತಿರ ನಾನು ಎರಡು ಸಲ ಹಾರನ್ ಹೊಡೆಯಬೇಕು, ಅದನ್ನು ಕೇಳಿ ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಬೇಕು. ನಾನು ಕಾರು ನಿಲ್ಲಿಸಿ, ಕೈಕಾಲು ತೊಳೆದು ಕೂರುವಷ್ಟರಲ್ಲಿ ರೊಟ್ಟಿ ತಟ್ಟೆಯಲ್ಲಿರುತ್ತಿತ್ತು.

ತಿಂದಾದ ಮೇಲೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಳೆಯ ಸೇತುವೆಯವರೆಗೆ ಒಂದು ರೌಂಡು. ಅಷ್ಟು ದೂರಕ್ಕೂ ಅವಳು ಸೀರೆ ಬದಲಾಯಿಸಿಯೇ ಬರುತ್ತಿದ್ದಳು.

ಒಂದು ಮಳೆಗಾಲದಲ್ಲಿ ನೀರು ಹೊಕ್ಕು ಹಾರನ್ನಿನ ಗಂಟಲು ಕಟ್ಟಿತು. ಶೀತವಾದವರ ಹಾಗೆ ಗೊರಗೊರ ಸದ್ದು. ಬದಲಾಯಿಸುತ್ತೇನೆ ಅಂದಿದ್ದಕ್ಕೆ ಅಕ್ಕ ಬೈದಳು.

"ಬೇಡ ಕಣೇ ಶೈಲಾ. ಹೊಸದು ಹಾಕಿಸ್ಕೊಂಡ್ರೆ ಬಂದಿದ್ದು ನೀನೇ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ಅವಳು ಹೋದ ಮೇಲೆ ಕಾರಿಗೆ ಕೆಲಸವೇ ಇಲ್ಲ. ಆರ್‌ಸಿ ಬೇರೆ ಮುಗಿಯುತ್ತಾ ಬಂತು. ನಮ್ಮ ಮನೆಯವರದು ದಿನಾ ಒಂದೇ ರಾಗ. ರಿನ್ಯೂವಲ್ ಮಾಡಿಸು, ಇಲ್ಲ ಮಾರು, ಸುಮ್ಮನೆ ನಿಲ್ಲಿಸಿದರೆ ಇಲಿ ಸಂಸಾರ ಹೂಡುತ್ತೆ ಅಂತ.

ನೋಡಲು ಬಂದವರಿಗೆಲ್ಲ ನಾನು ಕಾರಿನ ಕುಂದುಗಳನ್ನೇ ಹೇಳಿದೆ. ಕ್ಲಚ್ ಗಟ್ಟಿ, ಹಿಂದಿನ ಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲ, ಹಾರನ್ ಕೇಳಲೇಬೇಡಿ. ಹೆಣ್ಣು ನೋಡಲು ಬಂದವರ ಮುಂದೆ ಹೆತ್ತ ತಾಯಿಯೇ ಚಾಡಿ ಹೇಳಿದ ಹಾಗೆ! ಬಂದವರು ಕಾಫಿ ಕುಡಿದು ಹೋದರು.

ಒಬ್ಬರು ಮಾತ್ರ ಹೋಗಲಿಲ್ಲ. ಭದ್ರಾವತಿಯ ರಿಟೈರ್ಡ್ ಮೇಷ್ಟ್ರು.

"ಪರವಾಗಿಲ್ಲ ಬಿಡಿ ಮೇಡಂ, ನಂಗೂ ಮಂಡಿ ಗಟ್ಟಿ, ಕಿವಿ ಮಂದ" ಅಂದರು. ಮನೆ ಎಲ್ಲಿ ಅಂತ ಕೇಳಿದರೆ, ಅಕ್ಕನ ಮನೆಯ ಹಿಂದಿನ ಬೀದಿ!

ಅಕ್ಕ ಕೂರುತ್ತಿದ್ದ ಸೀಟಿನಲ್ಲಿ ಬೇರೆ ಯಾರೋ ಕೂತು, ಅದೇ ಬೀದಿಯಲ್ಲಿ ಓಡಾಡುವುದನ್ನು ನೆನೆಸಿಕೊಂಡೇ ಹೊಟ್ಟೆ ಉರಿಯಿತು. ಅದಕ್ಕಿಂತ ಒಡೆಸಿ ಹಾಕುವುದೇ ವಾಸಿ ಅನ್ನಿಸಿತು. "ಚೆನ್ನಾಗಿ ಓಡೋ ಕಾರನ್ನ ಯಾರಾದ್ರೂ ಗುಜರಿಗೆ ಹಾಕ್ತಾರಾ ಮಾರಾಯ್ತಿ?" ಅಂತ ಮನೆಯವರು ತಲೆ ಚಚ್ಚಿಕೊಂಡರು. ನಾನು ಕೀ ತೆಗೆದುಕೊಂಡು ಹೊರಟೆ.

ಹಾಗೆ ಹೊರಟವಳು ಈಗ ಬೇವಿನ ಮರದ ಹತ್ತಿರ ಹಾರನ್ ಹೊಡೆದು ಕೂತಿದ್ದೇನೆ.

ಅಕ್ಕನದು ಬಾಡಿಗೆ ಮನೆ. ಜಗಲಿಯ ತಂತಿಯ ಮೇಲೆ ಯಾರದೋ ಮಗುವಿನ ಬಟ್ಟೆ ಒಣಗುತ್ತಿದೆ.

ಪಕ್ಕದ ಮನೆಯ ಸೆಲ್ವಿಯಕ್ಕ ಹಿಟ್ಟು ಮೆತ್ತಿದ ಕೈಯಲ್ಲೇ ಗೇಟಿಗೆ ಓಡಿ ಬಂದರು. ನನ್ನನ್ನು ನೋಡಿ ಹಾಗೇ ನಿಂತರು. ಆಮೇಲೆ ಅಕ್ಕನ ಬಾಗಿಲ ಕಡೆ ನೋಡಿದರು.

"ಅಯ್ಯೋ ಕಡವುಳೇ... ಬಾಮ್ಮ, ಒಳಗೆ ಬಾ."

ಕಾಫಿ ಕುಡಿಯುತ್ತಾ ಎಲ್ಲ ಹೇಳಿದೆ. ಮೇಷ್ಟ್ರಿಗೇ ಕೊಡು, ಹಾಳು ಮಾಡಬೇಡ ಅಂತ ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿ ಅಂತಲೇ ಹೇಳಿದ್ದೇನೋ...

"ಗುಜರಿಗೇ ಹಾಕ್ಬಿಡಮ್ಮ" ಅಂದರು. "ಮೇಷ್ಟ್ರು ತಗೊಂಡ್ರೆ ದಿನಾ ಇಲ್ಲೇ ಕೂಗುತ್ತೆ. ದಿನಾ ನಾನು ಹಿಂಗೇ ಓಡಿ ಬರ್ತೀನಿ. ಇಳಿಯೋದು ನೀನಲ್ಲ, ಒಳಗೆ ನಿಮ್ಮಕ್ಕನೂ ಇಲ್ಲ. ನನ್ ಕೈಲಿ ಆಗಲ್ಲಮ್ಮ."

ಎಂಟು ತಿಂಗಳಿಂದ ದುಃಖ ಅಂದರೆ ನನ್ನೊಬ್ಬಳದೇ ಅಂದುಕೊಂಡಿದ್ದೆ. ಭಾನುವಾರ ನನ್ನ ಹಾರನ್ನಿಗೆ ಕಿವಿ ಕೊಟ್ಟು ಕೂತವರು ಪಕ್ಕದ ಮನೆಯಲ್ಲೂ ಇದ್ದರು ಅಂತ ಗೊತ್ತೇ ಇರಲಿಲ್ಲ. ಇಬ್ಬರೂ ಚೆನ್ನಾಗಿ ಅತ್ತೆವು.

ಅತ್ತಾದ ಮೇಲೆ ತಲೆ ಸ್ವಲ್ಪ ತಿಳಿಯಾಯಿತು. ಕಾಡುವುದು ಆ ಹಾರನ್. ಅದಕ್ಕಾಗಿ ಓಡುವ ಕಾರನ್ನು ಯಾಕೆ ಒಡೆಸಬೇಕು?

ಗುಜರಿ ಅಂಗಡಿಗೆ ಹೋಗಲಿಲ್ಲ. ಗ್ಯಾರೇಜಿನಲ್ಲಿ ಹೊಸ ಹಾರನ್ ಹಾಕಿಸಿ, ಕಾರನ್ನು ಮೇಷ್ಟ್ರಿಗೇ ಕೊಟ್ಟೆ. ಕಿವಿ ಮಂದ ಇರುವ ಮೇಷ್ಟ್ರಿಗೂ ಅದರ ಸದ್ದು ಹಿಡಿಸಿತು. ಸೆಲ್ವಿಯಕ್ಕ ಇನ್ನು ಆ ಸದ್ದು ಕೇಳಿ ಗೇಟಿಗೆ ಓಡಿ ಬರಬೇಕಾಗಿಲ್ಲ. ನಾನು ಬಸ್ಸಿನಲ್ಲಿ ಮನೆಗೆ ಬಂದೆ, ಬ್ಯಾಗಿನಲ್ಲಿ ಹಳೇ ಹಾರನ್.

ಈಗ ಅದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿದೆ. ಬ್ಯಾಟರಿ ಇಲ್ಲದೆ ಕೂಗುವುದಿಲ್ಲ ಅಂತ ಗೊತ್ತು. ಆದರೂ ಭಾನುವಾರ ಬೆಳಿಗ್ಗೆ ಒರೆಸಿ ಇಡುತ್ತೇನೆ.

ಕೂಗಿದರೂ ಏನು... ಹೆಂಚಿಟ್ಟುಕೊಂಡು ಕಾಯುವವಳೇ ಇಲ್ಲದ ಮೇಲೆ, ಬಂದೆ ಅಂತ ಯಾರಿಗೆ ಹೇಳೋದು, ಹೇಳಿ?