ಮೀನುತೊಟ್ಟಿಯ ದೋನ್ಯ ಮಿಗ್ದಾಲಿಯಾ
ಪೋರ್ಟೊರಿಕೊದ ಕಡಲಂಚಿನ ನಮ್ಮ ಪ್ರಯೋಗಾಲಯದಲ್ಲಿ ಮೀನುತೊಟ್ಟಿಗಳನ್ನು ನೋಡಿಕೊಳ್ಳುವ ಮಿಗ್ದಾಲಿಯಾ ಅವರನ್ನು ನಾವೆಲ್ಲ ಗೌರವದಿಂದ ದೋನ್ಯ, ಅಂದರೆ ಅಮ್ಮಾವ್ರು, ಎನ್ನುತ್ತೇವೆ; ಯಾರಾದರೂ ಸಹಾಯಕಿ ಎಂದರೆ ಅವರಿಗೆ ಸಿಟ್ಟು ಬರುತ್ತದೆ. 'ನಾನು ಇವುಗಳ ಸೋದರತ್ತೆ' ಎನ್ನುತ್ತಾರೆ. ಹವಳದ ದಿಬ್ಬದ ಈ ನೀಲಿತಲೆ ಮೀನುಗಳಲ್ಲಿ ಹಿಂಡಿಗೊಬ್ಬ ಗಂಡು ಯಜಮಾನ. ಪ್ರಯೋಗಕ್ಕಾಗಿ ಅವನನ್ನು ಬಲೆಯಲ್ಲಿ ಎತ್ತುವ ಮುನ್ನ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು 'ತಪ್ಪು ತಿಳೀಬೇಡಪ್ಪ' ಎನ್ನುತ್ತಾರೆ. ಅವನು ಹೋದ ಸ್ವಲ್ಪ ಹೊತ್ತಿಗೇ ಹಿಂಡಿನ ದೊಡ್ಡ ಹೆಣ್ಣು ಗಂಡಿನ ಗತ್ತಿನಲ್ಲಿ ಈಜತೊಡಗುತ್ತದೆ. ಮೈಯೊಳಗೆ ಹೆಣ್ಣು ಹಾರ್ಮೋನು ಇಳಿದು, ಗಂಡು ಹಾರ್ಮೋನು ಏರಿ, ಕೆಲವೇ ದಿನಗಳಲ್ಲಿ ತಲೆಗೆ ನೀಲಿ ಬಣ್ಣ ಬಂದು, ಅದು ನಿಜಕ್ಕೂ ಗಂಡಾಗುತ್ತದೆ. ಹೊಸ ವಿದ್ಯಾರ್ಥಿಗಳು ಬೆರಗಾದರೆ, 'ಅದರಲ್ಲೇನಿದೆ ಬಾಯಿ ಬಿಡೋಕೆ? ಮನೆಗೊಬ್ಬರು ಹಿರೀಕರು ಬೇಡ್ವೇನ್ರೋ?' ಎಂದು ಗದರಿ, ಸಕ್ಕರೆ ಸುರಿದ ಕಾಫಿ ಕುಡಿಸುತ್ತಾರೆ. ಯಜಮಾನನನ್ನು ತೆಗೆಯದೆಯೇ ಹೆಣ್ಣನ್ನು ಹೀಗೆ ಬದಲಾಯಿಸಲು, ಹೆಣ್ಣು ಹಾರ್ಮೋನು ಹುಟ್ಟದಂತೆ ತಡೆಯುವ ಔಷಧಿಯನ್ನು ಮೀನಿನ ತಿಂಡಿಗೆ ಬೆರೆಸುವುದೂ ಅವರದೇ ಕೆಲಸ. ಒಂದು ಬೆಳಿಗ್ಗೆ ಅವರು ಕೈಚೀಲದಿಂದ ಅದೇ ಬಗೆಯ ಮಾತ್ರೆ ತೆಗೆದು ನುಂಗಿದ್ದನ್ನು ನೋಡಿದೆ. ಕೇಳಿದರೆ, ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮೇಲೆ, ಆ ಹಾರ್ಮೋನಿನಿಂದ ಗಡ್ಡೆ ಮತ್ತೆ ಬೆಳೆಯದಿರಲೆಂದು ವೈದ್ಯರು ಐದು ವರ್ಷಕ್ಕೆ ಬರೆದುಕೊಟ್ಟದ್ದಂತೆ. ಆಸ್ಪತ್ರೆಯಲ್ಲಿದ್ದ ಆ ದಿನಗಳಲ್ಲಿ ರಜೆಗೆ ಅಕ್ಕನ ಮನೆಗೆ ಹೋಗಿದ್ದೆ ಎಂದೇ ಅವರು ನಮಗೆಲ್ಲ ಹೇಳಿದ್ದರು. 'ನಮಗೊಂದು ಮಾತು ಹೇಳಬಾರದಿತ್ತಾ, ದೋನ್ಯ?' ಎಂದೆ. 'ಹೇಳೋಕೇನಿದೆ? ಮೀನಿಗೆ ಇದ್ರಿಂದ ಹೊಸ ಬಣ್ಣ ಬರತ್ತೆ, ನಂಗೆ ಬರೀ ಮಂಡಿನೋವು' ಎಂದು ನಕ್ಕರು. ನಗು ಇಳಿದ ಮೇಲೆ, ತಿಂಡಿಯ ಬಟ್ಟಲಲ್ಲಿ ಔಷಧಿ ಕಲೆಸುತ್ತ ಮೆಲ್ಲಗೆ ಹೇಳಿದರು: 'ಮೊದಲೆಲ್ಲ ಇವಕ್ಕೆ ಇದನ್ನ ಹಾಕುವಾಗ ಕೈ ನಡುಗ್ತಿತ್ತು ಕಣೋ. ಈಗ ನಡುಗಲ್ಲ. ನಾನೂ ತಿಂತೀನಲ್ಲ.'